ಬಿಗಿ ಕಿರೀಟ

ನಮ್ಮ ನಾಟಕದ ಮಾಸ್ತರರ ಹಣೆಗೆ ಅಡ್ಡಲಾಗಿ ಒಂದು ಕೆಂಪು ಗೆರೆಯಿತ್ತು. ತಗಡಿನ ಕಿರೀಟದ್ದು. ನಾಟಕದ ಮರುದಿನ ಕಂಟೋನ್ಮೆಂಟಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗಲೂ ಅದು ಹಸಿಯಾಗಿಯೇ ಇರುತ್ತಿತ್ತು. ಸಡಿಲ ಕಟ್ಟಿಕೊಳ್ಳಿ ಎಂದು ನಾನು ಬೈಯುತ್ತಿದ್ದೆ. "ಸಡ್ಲ ಕಟ್ಟಿದ್ರ ರಾಜಗ ಭಾರ ಗೊತ್ತಾಗಂಗಿಲ್ಲವ್ವಾ," ಅನ್ನುತ್ತಿದ್ದರು. ಹಟಮಾರಿ ಮುದುಕ!

ಅವರೇ ಬರೆದ ನಾಟಕ, ಅವರೇ ರಾಜ. ರಾಜಧಾನಿ ಉಳಿಸಲು ರಾಜ ಒಂದು ಸಣ್ಣ ತುಕಡಿಯನ್ನು ಹೊಳೆದಂಡೆಗೆ ಕಳಿಸುತ್ತಾನೆ. ಒಬ್ಬರೂ ತಿರುಗಿ ಬರುವುದಿಲ್ಲವೆಂದು ಅವನಿಗೆ ಗೊತ್ತು. ಕಳಿಸುವಾಗ ಹಾಡುವ ವೀರರಸದ ಹಾಡಿಗೆ ಸಿರುಗುಪ್ಪದಲ್ಲಿ ಜನ ಮತ್ತೆ ಮತ್ತೆ 'ವನ್ಸ್ ಮೋರ್' ಕೂಗಿದ್ದರು. ಮಾಸ್ತರರು ಮೀಸೆ ತಿರುವಿ ಹಾಡಿದ್ದರು. ನಮ್ಮ ಕಡೆ ವನ್ಸ್ ಮೋರ್ ಅಂದ ಮೇಲೆ ಹಾಡಲೇಬೇಕು, ಹಾಡದಿದ್ದರೆ ಊರಿಗೇ ಅವಮಾನ. ನನ್ನದು ಸತ್ತ ಸೈನಿಕನ ತಾಯಿಯ ಪಾತ್ರ.

ಕುರುಗೋಡಿನಲ್ಲಿ, ಗಡಿಯಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ಮುಂದಿನ ಚಾಪೆಯ ಮೇಲೆ ಗೌರವದಿಂದ ಕೂಡಿಸಿದ್ದರು. ಹಾಡು ಮುಗಿಯಿತು. ಸಿಳ್ಳೆ, ವನ್ಸ್ ಮೋರ್. ಊರ ಹಿರಿಯರು ಮಾಸ್ತರರಿಗೆ ಹೊದಿಸಲು ಶಾಲು ಹಿಡಿದು ಎದ್ದರು. ಪೇಟಿ ನುಡಿಸುವವನು ಪಲ್ಲವಿ ಶುರು ಮಾಡಿಯೇಬಿಟ್ಟ. ಮಾಸ್ತರರು ಕೈಯೆತ್ತಿ ತಡೆದರು. ಅವರ ಕಣ್ಣು ಆ ಚಾಪೆಯ ಮೇಲಿತ್ತು.

"ಒಮ್ಮಿ ಕಳಿಸೀನ್ರಿ. ಅದ ಹುಡುಗ್ರನ್ನ ಮತ್ತೊಮ್ಮಿ ಸಾಯಾಕ ಹೆಂಗ ಕಳಿಸ್ಲಿ?"

ಗದ್ದಲವೆಂದರೆ ಗದ್ದಲ. ಒಂದು ಚಪ್ಪಲಿ ಬಂದು ಸಿಂಹಾಸನಕ್ಕೆ ಬಡಿಯಿತು. ಈ ಮುದುಕ ಇವತ್ತು ನಮ್ಮನ್ನೆಲ್ಲ ಹೊಡೆಸುತ್ತಾನೆ ಎಂದು ಶಪಿಸುತ್ತ, ನಾನು ಪರದೆಯ ಹಿಂದಿನಿಂದ ಸರದಿಗೆ ಮೊದಲೇ ರಂಗಕ್ಕೆ ನುಗ್ಗಿ, ನನ್ನ ಮಗನೆಲ್ಲಿ ಎಂದು ಕೇಳಿದೆ. ವೀರಸ್ವರ್ಗದಲ್ಲಿದ್ದಾನೆ ತಾಯಿ ಎಂಬುದು ಬರೆದ ಮಾತು. ಅವರು ಅದನ್ನು ಆಡಲಿಲ್ಲ. ನನ್ನನ್ನು ದಾಟಿ ಚಾಪೆಯ ಕಡೆ ನೋಡುತ್ತ ಹೇಳಿದರು: "ಬರಂಗಿಲ್ಲಂತ ಗೊತ್ತಿದ್ದ ಕಳಿಸಿದೆ. ತಪ್ಪು ನಂದವ್ವಾ."

ಆ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡರು. ಶಾಲು ಹಿರಿಯರ ಕೈಯಲ್ಲೇ ಉಳಿಯಿತು. ಆ ಊರಿನವರು ಮಾಸ್ತರರನ್ನು ಮತ್ತೆ ನಾಟಕಕ್ಕೆ ಕರೆಯಲಿಲ್ಲ. ನಾನು ಮಾತ್ರ ಅಂದಿನಿಂದ ರಂಗದ ಮೇಲೆ ಸುಳ್ಳು ಅಳುವುದನ್ನು ಬಿಟ್ಟೆ. ಅದು ಅವರ ಋಣ.

ಹೋದ ವರ್ಷ ಸತ್ಯನಾರಾಯಣಪೇಟೆಯ ಮನೆಯಲ್ಲಿ ಅವರು ತೀರಿಕೊಂಡರು. ಕುರುಗೋಡಿನ ಬಸ್ಸಿಳಿದು ಆ ತಾಯಿ ಬಂದರು. ತಲೆಯ ಹತ್ತಿರ ಕೂತು, ಹಣೆಯ ಮೇಲೆ ಮಾಸದೆ ಉಳಿದಿದ್ದ ಗೆರೆ ಏನೆಂದು ನನ್ನನ್ನು ಕೇಳಿದರು. ಕಿರೀಟದ್ದು ಅಂದೆ. ಅದರ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿದರು.

"ಇಷ್ಟು ಬಿಗಿ ಕಟ್ಗೋಬಾರದಿತ್ತು, ಯಪ್ಪಾ."