ಲಾರಿ ಅಡಿಯಲ್ಲಿ ಜಾರಿದವನು

ನನ್ನ ತಮ್ಮ ಸಿನಿಮಾದಲ್ಲಿ ನಟಿಸಿದ್ದ ಎಂದರೆ ಜಾಸ್ತಿಯಾಯಿತು. ಸೈಕಲ್ ತುಳಿದಿದ್ದ, ಅಷ್ಟೆ. ಅದೂ ಹೀರೋನ ಬೆನ್ನಾಗಿ.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಬಾಬುರಾಯನಕೊಪ್ಪಲಿನಲ್ಲಿ. ತಮ್ಮ ದಿನಾ ಬೆಳಗ್ಗೆ ಸೈಕಲ್ಲಿನ ಕ್ಯಾರಿಯರಿಗೆ ಎರಡು ಕಡೆಯೂ ಕ್ಯಾನು ನೇತುಹಾಕಿಕೊಂಡು ಹೋಗಿ ಶ್ರೀರಂಗಪಟ್ಟಣದ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದ. ಆ ವರ್ಷ ಪಟ್ಟಣಕ್ಕೆ ಶೂಟಿಂಗಿನವರು ಬಂದರು. ದೊಡ್ಡ ನಗರದಲ್ಲಿ ಸೈಕಲ್ ಮೇಲೆ ಕೊರಿಯರ್ ಹಂಚುವ ಹುಡುಗನ ಕೈಗೆ ಕೇಡಿಗಳ ಪೊಟ್ಟಣವೊಂದು ಸಿಕ್ಕಿಬಿಡುತ್ತದೆ, ಅವರು ಅವನನ್ನು ಊರೆಲ್ಲ ಅಟ್ಟಾಡಿಸುತ್ತಾರೆ. ಇದು ಕಥೆ. ಬೆಂಗಳೂರಿನ ಟ್ರಾಫಿಕ್ಕು ಇವರ ಮಾತು ಕೇಳುವುದಿಲ್ಲವಲ್ಲ, ನಮ್ಮ ಪೇಟೆ ಬೀದಿಗೇ ಹೊಸ ಬೋರ್ಡು ತಗುಲಿಸಿ, ಮೈಸೂರಿನಿಂದ ಆಟೋ ತರಿಸಿ ನಗರ ಮಾಡಿಕೊಂಡರು.

ಹೀರೋಗೆ ಸೈಕಲ್ ಬರುತ್ತಿತ್ತು, ಜನರ ನಡುವೆ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದ ಡೈರೆಕ್ಟರು ತಮ್ಮನ ಎತ್ತರ ನೋಡಿ, ಅವನು ಬೀದಿಯಲ್ಲಿ ನುಸುಳುವುದನ್ನೂ ನೋಡಿ ಹಿಡಿದುಕೊಂಡರು. ಹೀರೋನ ಷರ್ಟು ಹಾಕಿಕೊಂಡು ಪೇಟೆ ಬೀದಿಯಲ್ಲಿ ಹಾರಿದವನೆಲ್ಲ ನನ್ನ ತಮ್ಮನೇ. ಕೊನೆಯ ದಿನ ಹೆದ್ದಾರಿಯಲ್ಲಿ, ಓಡುವ ಲಾರಿಯಡಿ ಸೈಕಲ್ ಸಮೇತ ಜಾರಿ ಆಚೆ ಬರುವ ಸೀನಿತ್ತು. ಅದಕ್ಕೆ ಮದ್ರಾಸಿನಿಂದ ಬೇರೊಬ್ಬನನ್ನು ಕರೆಸಿದ್ದರು. ತಮ್ಮ ನನ್ನ ಪಕ್ಕ ನಿಂತು, ನಾನು ಒಯ್ದಿದ್ದ ಮುದ್ದೆ ತಿನ್ನುತ್ತಾ ಅದನ್ನು ನೋಡಿದ.

ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅವನಿಗೆ ಹೆಣ್ಣು ಹುಡುಕುತ್ತಿದ್ದೆವು. ಅಪ್ಪ ಇರಲಿಲ್ಲ, ಅವ್ವನಿಗೆ ಕಾಲುನೋವು. ಓಡಾಟವೆಲ್ಲ ನನ್ನ ತಲೆಗೆ ಬಂದಿತ್ತು. ಕೆ.ಆರ್. ಪೇಟೆಯ ಮನೆಯಲ್ಲಿ ಹುಡುಗಿ ಉಪ್ಪಿಟ್ಟು, ಕಾಫಿ ತಂದುಕೊಟ್ಟು ತಲೆ ತಗ್ಗಿಸಿ ನಿಂತಳು. ತಮ್ಮ ಉಪ್ಪಿಟ್ಟು ಮರೆತ. ಇನ್ನು ಬೇರೆ ಮನೆ ಹತ್ತಿ ಇಳಿಯಬೇಕಿಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು. ಅಷ್ಟರಲ್ಲಿ ಸಂಬಂಧ ತಂದ ದಲ್ಲಾಳಿ ಬಾಯಿ ಮುಚ್ಚಿಕೊಂಡಿರಲಾರದೆ, “ಹುಡ್ಗ ಆ ಕೊರಿಯರ್ ಹುಡ್ಗನ ಸಿನಿಮಾದಲ್ಲಿ ಮಾಡವ್ನೆ” ಎಂದುಬಿಟ್ಟ.

ಮನೆ ಯಜಮಾನರು, ಹುಡುಗಿಯ ಅಪ್ಪ, ಲೋಟ ಕೆಳಗಿಟ್ಟರು. “ಅದೇ ಸಿನಿಮಾ ಇಲ್ಲೇ ಟಾಕೀಸಲ್ಲಿ ಓಡ್ತಾ ಅದೆ. ನಡೀರಿ, ಎಲ್ರೂವೆ ನೋಡ್ಬುಡವ. ಸಿನಿಮಾಲಿ ಇದ್ರೂ ಸೈ, ಇಲ್ದಿದ್ರೂ ಸೈ. ಸುಳ್ಳಾದ್ರೆ ಮಾತ್ರ ಈ ಸಂಬಂಧ ಬ್ಯಾಡ ಕಣವ್ವ. ಮೊದಲ್ನೇ ದಿನವೇ ಸುಳ್ಳೇಳೋ ಮನೇಗೆ ನಾನು ಎಣ್ಣು ಕೊಡಕ್ಕಿಲ್ಲ.”

ಹೆಣ್ಣು ನೋಡಲು ಹೋಗಿ ಮ್ಯಾಟಿನಿ ನೋಡಿದವರು ನಾವೊಬ್ಬರೇ ಇರಬೇಕು. ಹೀರೋ ಬದಲು ಸೈಕಲ್ ತುಳಿದದ್ದಷ್ಟೇ ಇವನು ಎಂದು ದಾರಿಯಲ್ಲೇ ಹೇಳಿದ್ದೆ. ಹೆಂಗಸರ ಕಡೆ ಹುಡುಗಿ ನನ್ನ ಪಕ್ಕ ಕೂತಳು. ಮುಂದಿನ ಸಾಲಿನಲ್ಲಿ ಅವಳಪ್ಪ, ನನ್ನ ತಮ್ಮ. ಮುಖ ಬಂದಾಗಲೆಲ್ಲ ಹೀರೋನದು, ಮಿಕ್ಕಿದ್ದು ಬರೀ ಬೆನ್ನು. ಬೆನ್ನನ್ನು ತೋರಿಸಿ ಇದು ನಮ್ಮ ಹುಡುಗ ಅನ್ನುವುದು ಹೇಗೆ? ಇಂಟರ್‌ವಲ್ಲಿನಲ್ಲಿ ಯಜಮಾನರು ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಹೀರೋ ಒಂದು ಆಫೀಸಿನಿಂದ ಓಡಿಬಂದು ಸೈಕಲ್ ಹತ್ತಿದ. ಯಜಮಾನರು ಕೂತಲ್ಲೇ ಕೂಗಿದರು: “ಅಯ್ಯೋ, ಇವ್ನೇ ಕಣ್ಲಾ!” ಅವರೂ ಡೇರಿಗೆ ಹಾಲು ಹೊತ್ತವರೇ. ಹಿಂದೆ ಕ್ಯಾನಿದ್ದರೆ ಹಿಂದಿನಿಂದ ಕಾಲೆತ್ತಿ ಹಾಕಲಾಗುವುದಿಲ್ಲ, ಹ್ಯಾಂಡಲ್ಲಿಗೂ ಸೀಟಿಗೂ ನಡುವೆ ಕಾಲು ತೂರಿಸಬೇಕು. ಕ್ಯಾರಿಯರಿನಲ್ಲಿ ಏನೂ ಇಲ್ಲದಿದ್ದರೂ ಕೊರಿಯರ್ ಹುಡುಗ ಹಾಗೇ ಹತ್ತಿದ್ದ. ಅವರು ತಮ್ಮನ ಬೆನ್ನಿಗೆ ಗುದ್ದಿದರು. ನನಗೆ ಹೋದ ಜೀವ ಬಂದಂತಾಯಿತು.

ಕೊನೆಗೆ ಲಾರಿ ಬಂತು. ಹ್ಯಾಂಡಲ್ ಹಿಡಿದ ಎರಡು ಕೈ ಪರದೆ ತುಂಬ ಬಂದು, ಸೈಕಲ್ ಲಾರಿಯಡಿ ಜಾರಿತು. ಟಾಕೀಸೆಲ್ಲ ಶಿಳ್ಳೆ. ಯಜಮಾನರು ಮಾತ್ರ ತಿರುಗಿ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಸುಳ್ಳಲ್ಲ ಕಣವ್ವ, ಒಪ್ಕೊಂಡೆ. ಆದ್ರೆ ಲಾರಿ ಅಡೀಗೆ ನುಗ್ಗೋನಿಗೆ ಎಣ್ಣು ಕೊಟ್ಟು ನಾನೆಂಗೆ ನಿದ್ದೆ ಮಾಡ್ಲಿ?”

ತಮ್ಮ ಹತ್ತಿರ ಬಂದ. “ಯಜಮಾನ್ರೇ, ಅದು ನಾನಲ್ಲ. ಲಾರಿಗೆ ಬ್ಯಾರೆಯೋನು ಬಂದಿದ್ದ.”

ಅವರ ಮುಖ ಬಿಗಿಯಿತು. “ಬೇಕಾದ್ದೆಲ್ಲ ನೀನು, ಬ್ಯಾಡಾದ್ದು ಬ್ಯಾರೆಯೋನಾ?”

“ಇಲ್ಲ, ನಾನೇ ಕಣ್ಣಾರೆ ಕಂಡಿವ್ನಿ. ಆಗ ಇವ್ನು ನನ್ ಪಕ್ಕ ನಿಂತು ಮುದ್ದೆ ತಿಂತಿದ್ದ” ಎಂದೆ.

“ತಮ್ಮನ ಪರ ಅಕ್ಕ ಏಳ್ದೆ ಇನ್ಯಾರವ್ವ ಏಳ್ತಾರೆ?” ಎಂದು ಅವರು ಚಪ್ಪಲಿ ಎಳೆದುಕೊಂಡು ಮುಂದೆ ನಡೆದರು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಡೈರೆಕ್ಟರು ಸಿಕ್ಕಿದ್ದರೆ ಅಲ್ಲೇ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಆಗ ಹುಡುಗಿ ನನ್ನ ಸೆರಗು ಜಗ್ಗಿದಳು. “ಅಕ್ಕ, ಲಾರಿ ಅಡೀಗೆ ಓದೋರು ಇವ್ರಲ್ಲ. ಪರದೆ ತುಂಬ ಕೈ ತೋರ್ಸಿದ್ರಲ್ಲ, ಅದು ಇವ್ರ ಕೈಯಲ್ಲ.”

“ನಿಂಗೆಂಗೆ ಗೊತ್ತು?”

“ತಲೆ ಎತ್ತಂಗಿಲ್ವಲ್ಲ. ಕಾಫಿ ಕೊಟ್ಟಾಗ್ಲಿಂದ ಇವ್ರ ಕೈಯನ್ನೇ ನೋಡ್ತಾ ಇದ್ದೆ.”

“ಅಂಗಾರೆ ಓಗಿ ನಿಮ್ಮಪ್ಪಂಗೆ ಏಳವ್ವ!”

ಅವಳ ಕಣ್ಣು ತುಂಬಿತು. “ಗಂಡಸಿನ ಕೈ ನೋಡ್ತಾ ನಿಂತಿದ್ದೆ ಅಂತ ಅಪ್ಪನ ಮುಂದೆ ಎಂಗೇಳ್ಲಿ ಅಕ್ಕ?”

ನಾನು ಸೆರಗಿನಿಂದ ಅವಳ ಕಣ್ಣೊರೆಸಿದೆ. ಅವಳಪ್ಪ ಕೂಗಿದರು, ಅವಳು ಹೋದಳು. ಮುಂದಿನ ಬೇಸಿಗೆಯಲ್ಲಿ ಅವಳನ್ನು ನಾಗಮಂಗಲದ ಕಡೆ ಕೊಟ್ಟರು.