ಮೂರನೆಯ ಅಂಚು ಯಾರದು

ಮಹಡಿಯ ಕೋಣೆಗೆ ಮಗ್ಗದವಳೊಬ್ಬಳು ಬಂದಿದ್ದಾಳೆಂಬ ಸುದ್ದಿ ಅಜ್ಜಿಗೆ ತಿಳಿದದ್ದು ನಲ್ಲಿಯ ಹತ್ತಿರ.

“ಹಗಲೆಲ್ಲಾ ಟಕಟಕ! ನಮ್ಮ ತಲೆ ಮೇಲೇ ನೇಯ್ತಾಳೆ,” ಎಂದು ಕೆಳಮನೆಯವಳು ಮೂತಿ ತಿರುವಿದಳು.

ಹನ್ನೆರಡು ವರ್ಷದಿಂದ ಕೇಳದ ಸದ್ದು. ಅಜ್ಜಿ ಕೊಡ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು.

ಮಗ್ಗದಕ್ಕ ತಲೆಯೆತ್ತಲಿಲ್ಲ. “ಕಂಡಿಕೆಗೆ ನೂಲು ಸುತ್ತೋಕೆ ಬರುತ್ತಾ?”

“ಹುಟ್ಟಿದ್ದೇ ರಾಟೆ ಪಕ್ಕ.”

“ಹಾಗಾದ್ರೆ ಬಾಯಿ ಕಟ್ಟಿ ಕೈ ಬಿಚ್ಚು.”

ಅವರಿಬ್ಬರದೂ ಒಂದೇ ಕೇರಿ. ಅಲ್ಲಿ ಮನೆಗೊಂದು ಬಗೆಯ ಸೀರೆಯಂಚು. ಸೆರಗು ಕಂಡರೆ ಸಾಕು, ಇಂಥವರ ಮನೆಯವಳೆಂದು ಹೇಳಬಹುದಿತ್ತು. ಹನ್ನೆರಡು ವರ್ಷದ ಹಿಂದೆ, ಆ ಜನವೇ ಉಳಿಯಬಾರದೆಂದವರು ಆ ಕೇರಿಗೆ ಬೆಂಕಿಯಿಟ್ಟರು. ಉಳಿದವರು ಈ ಊರಲ್ಲಿ ಗುರುತು ಮರೆಸಿಕೊಂಡು ಸದ್ದಿಲ್ಲದೆ ಬದುಕಿದ್ದರು. ಮಗ್ಗದಕ್ಕ ಆ ಅಂಚುಗಳನ್ನೆಲ್ಲ ಕೂಡಿಸಿ ಗೋಡೆಯಗಲದ ಬಟ್ಟೆ ನೇಯ್ದಳು. ಕಲಾಶಾಲೆಯವರು ಅದನ್ನು ದೊಡ್ಡ ಹಾಲ್‌ನಲ್ಲಿ ತೂಗುಹಾಕಿದರು.

ಅಜ್ಜಿ ಅದನ್ನು ನೋಡಲು ಹೋದ ದಿನ ಅಲ್ಲಿಗೆ ಇಬ್ಬರು ಗಂಡಸರು ಬಂದರು. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು.

“ಅಜ್ಜಿ, ಇದು ಯಾರ ಮನೇದು?”

ಅಜ್ಜಿ ಉಬ್ಬಿಹೋದಳು. “ಇದು ಮೇಷ್ಟ್ರದ್ದು, ಈಗ ಗಡಿಯಾರದಂಗಡಿ ಹಿಂದಿದ್ದಾರೆ. ಇದು ಬಣ್ಣ ಹಾಕೋರದ್ದು, ಕಾಲುವೆ ಪಕ್ಕ.”

“ಈ ಮೂರನೇದು?”

ಅದು ಅಜ್ಜಿಯದೇ. ತನ್ನ ಅಂಚನ್ನು ತಾನೇ ತೋರಿಸಿಕೊಳ್ಳುವುದು ಅವರ ಕೇರಿಯಲ್ಲಿ ನಾಚಿಕೆಗೇಡು. “ಯಾರದೋ ಏನೋ!” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವರು ಅದನ್ನೂ ಬರೆದುಕೊಂಡರು.

ಮೂರು ದಿನದ ಮೇಲೆ ಮೇಷ್ಟ್ರ ಮನೆಗೆ ಹೊರಗಿನಿಂದ ಬೀಗ. ಒಳಗೆ ಹಾಲು ಹೊತ್ತಿ ಸೀದ ವಾಸನೆ. ಐದನೆಯ ದಿನ ಬಣ್ಣದವರೂ ಇಲ್ಲ. ತಂತಿಯ ಮೇಲಿನ ಕೆಂಪು ನೂಲು ಇನ್ನೂ ತೊಟ್ಟಿಕ್ಕುತ್ತಿತ್ತು.

ಅಜ್ಜಿ ಏದುಸಿರು ಬಿಡುತ್ತ ಮಹಡಿಗೆ ಓಡಿದಳು. “ಅಕ್ಕಾ, ನನ್ನ ನಾಲಿಗೆಗೆ ಹುಳ ಬೀಳಲಿ,” ಎಂದು ಎಲ್ಲ ಹೇಳಿದಳು.

ಮಗ್ಗದಕ್ಕ ಬೈಯಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದಳು. ನಲ್ಲಿಯ ಪಕ್ಕ ಅದೇ ಇಬ್ಬರು ನಿಂತು ಕೆಳಮನೆಯವಳ ಜೊತೆ ನಗುತ್ತ ಮಾತಾಡುತ್ತಿದ್ದರು. ಕೆಳಮನೆಯವಳು ಅವರಿಗೆ ಮಹಡಿಯ ಕಡೆ ಕೈ ತೋರಿಸಿದಳು.

“ನಿನ್ನ ಮಗಳು, ಮೊಮ್ಮಕ್ಕಳು?” ಎಂದಳು ಮಗ್ಗದಕ್ಕ.

“ಮನೇಲೇ ಅವ್ರೆ.”

“ಮೂರನೇದು ನಿಂದು ಅಂತ ಹೇಳಿದ್ಯಾ?”

“ಇಲ್ಲ.”

ಮೆಟ್ಟಿಲ ಮೇಲೆ ಬೂಟುಗಳ ಸದ್ದು, ಅವಸರವಿಲ್ಲದ ಸದ್ದು. ಮಗ್ಗದಕ್ಕ ಲಾಳಿಯನ್ನು ಕೆಳಗಿಟ್ಟು ಸೆರಗು ಸರಿಪಡಿಸಿಕೊಂಡಳು.

“ಮೂರನೇದು ಯಾರದೂಂತ ಮತ್ತೆ ಕೇಳ್ತಾರೆ. ನನ್ನ ಕಡೆ ಬೆರಳು ಮಾಡಿ, ಅದು ಇವಳದೇ ಅನ್ನು.”

“ಅಕ್ಕಾ, ಬೇಡ...”

“ನಂಗೆ ಹಿಂದೆ ಮುಂದೆ ಯಾರವ್ರೆ? ಅಳಬೇಡ ಕಣೇ. ಮೊನ್ನೆ ನಕ್ಕೆಯಲ್ಲ, ಹಾಗೇ ನಕ್ಕು ಹೇಳು.”