ಹೊಗೆಯಿಲ್ಲದ ಕೆಂಡ

ನಂಜನಗೂಡಿನ ಬೀದಿಗಳಲ್ಲಿ ಸೈಕಲ್ ತುಳಿಯುತ್ತ ಗ್ಯಾಸ್ ಸ್ಟೌ ರಿಪೇರಿ ಮಾಡುವ ಚಿಕ್ಕಬಸಪ್ಪನಿಗೆ ಉರಿಯ ಬಣ್ಣ ನೋಡಿದರೆ ಸಾಕು, ಒಲೆಯ ಕಾಯಿಲೆ ಗೊತ್ತಾಗುತ್ತದೆ. ಉರಿ ನೀಲಿಯಾಗಿದ್ದರೆ ಗ್ಯಾಸಿಗೆ ಬೇಕಾದಷ್ಟು ಗಾಳಿ ಸಿಗುತ್ತಿದೆ. ಹಳದಿಗೆ ತಿರುಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದು. "ಗಾಳಿ ಸಾಲ್ದೆ ಅರ್ದಂಬರ್ದ ಉರಿದ್ರೆ ಇಸ ಕಣವ್ವ" ಎಂದು ಮೂವತ್ತು ವರ್ಷದಿಂದ ಮನೆಮನೆಯಲ್ಲೂ ಹೇಳಿಕೊಂಡು ಬಂದವನು. ಆ ಮಾತು ಕೆಂಡಕ್ಕೂ ಸಲ್ಲುತ್ತದೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಮಗಳು ಅರ್ಪಿತ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆರಿಗೆಯಾದ ಹನ್ನೊಂದನೆಯ ದಿನ ಬೆಳಿಗ್ಗೆ ಅವಳಿಗೆ ಎಣ್ಣೆ ಹಚ್ಚಿ, ನೀರು ಹುಯ್ದು ಮಲಗಿಸಿದರು. ಬಾಣಂತಿಗೆ ಶೀತ ತಾಕಬಾರದೆಂದು ಮಂಚದಡಿ ಕೆಂಡದ ಬಾಣಲೆ ಇಟ್ಟವನು ಚಿಕ್ಕಬಸಪ್ಪನೇ. ಹೊಗೆ ಪೂರ್ತಿ ಹೋಗುವವರೆಗೆ ಹಿತ್ತಲಲ್ಲಿ ಕಾದು, ಆಮೇಲೆ ಒಳಗೆ ತಂದಿದ್ದ. ಹೊಗೆ ಹೋದ ಮೇಲೆ ಇನ್ನೇನು ಭಯ? ಕಿಟಕಿಯ ಸಂದಿಗೆ ಸ್ಟೌ ಒರೆಸುವ ಬಟ್ಟೆಯನ್ನೇ ತುರುಕಿ, ಬಾಗಿಲೆಳೆದು ಹೊರಬಂದ.

ಹೆಂಡತಿ ಮಂಗಳಗೌರಿ ಅಂಗಳದಲ್ಲಿ ಕೂಸಿಗೆ ನೀರೆರೆದು, ಎಳೆಬಿಸಿಲು ಕಾಯಿಸಿ, ಹಾಲು ಕುಡಿಸಲೆಂದು ಒಳಗೆ ಒಯ್ದಾಗ ಅರ್ಪಿತ ಏಳಲಿಲ್ಲ. ಬಣ್ಣವೂ ವಾಸನೆಯೂ ಇಲ್ಲದ ಕೆಂಡದ ವಿಷಗಾಳಿ ಆ ಮುಚ್ಚಿದ ಕೋಣೆಯನ್ನು ತುಂಬಿತ್ತು.

ಈಗ ಯಾರ ಮನೆಗೆ ಹೋದರೂ ಅವನು ಸ್ಟೌ ಮುಟ್ಟುವ ಮೊದಲು ಕಿಟಕಿ ತೆರೆಯುತ್ತಾನೆ. ಮೊನ್ನೆ ಒಬ್ಬಾಕೆ ಗೊಣಗಿದಳು: "ಗಾಳಿಗೆ ಉರಿ ಆರೋಯ್ತದೆ ಕಣಣ್ಣ."

ಅವನು ಬರ್ನರ್ ಬಿಚ್ಚುತ್ತಲೇ ಹೇಳಿದ: "ಉರಿ ಆರೋದ್ರೆ ಮತ್ತೆ ಅಂಟಿಸ್ಬೋದು ಕಣವ್ವ."